ಹೂ ಮುಗಿದ ಮೇಲೆ ಕ್ಯಾಲಾ ಲಿಲ್ಲಿ ಎಲೆ ಹಳದಿಯಾಗುತ್ತಿದೆ, ಗಿಡ ಸಾಯುತ್ತಿದೆಯಾ?

ಕುಂಡದ ಗಿಡ ಹೂ ಬಿಟ್ಟು ಮುಗಿಸಿದೆ, ಈಗ ಎಲೆಗಳು ಒಂದೊಂದಾಗಿ ಹಳದಿಯಾಗುತ್ತಿವೆ, ನೀರು ಜಾಸ್ತಿ ಹಾಕಿದರೂ ಸರಿಹೋಗುತ್ತಿಲ್ಲ ಅಂದಿದ್ದೀರಿ. ಮೊದಲು ಆ ಜಾಸ್ತಿ ನೀರು ನಿಲ್ಲಿಸಿ. ಗಿಡ ಬಹುಶಃ ನಿದ್ದೆಗೆ ಹೊರಟಿದೆ, ಅಷ್ಟೇ.

ಹೂವಿನ ಬಣ್ಣ ಯಾವುದು ಅಂತ ನೀವು ಬರೆದಿಲ್ಲ. ಹಳದಿ, ಗುಲಾಬಿ, ನೇರಳೆ ಬಣ್ಣದವು ಗಡ್ಡೆಯ ಗಿಡಗಳು. ಹೂ ಮುಗಿದ ಮೇಲೆ ಎಲೆಗಳು ಗಡ್ಡೆಗೆ ಊಟ ತುಂಬಿಸಿ, ಆಮೇಲೆ ತಾವು ಒಣಗುತ್ತವೆ. ಆ ಹೊತ್ತಿನಲ್ಲಿ ನೀರು ಸುರಿದರೆ ಗಡ್ಡೆಗೆ ಕೊಳೆ ಗ್ಯಾರಂಟಿ.

ನಾನೂ ಇದೇ ತಪ್ಪು ಮಾಡಿದವನೇ. ಪಾಪ, ಬಾಯಾರಿದೆ ಅಂದುಕೊಂಡು ದಿನಾ ಒಂದು ಚೊಂಬು ನೀರು ಹಾಕಿದೆ. ಒಂದು ದಿನ ಹಳದಿ ಎಲೆಯನ್ನು ಮೆಲ್ಲಗೆ ಎಳೆದರೆ ಬುಡದಿಂದ ಜಾರಿ ಕೈಗೇ ಬಂತು. ಮಣ್ಣು ಕೆದಕಿದೆ. ಗಡ್ಡೆ ಗಂಜಿಯ ಹಾಗಾಗಿತ್ತು. ಆ ನಾತ ಎರಡು ಸಲ ಸೋಪು ಹಾಕಿ ತೊಳೆದರೂ ಕೈಬಿಡಲಿಲ್ಲ.

ನಿಮ್ಮದನ್ನೂ ಸ್ವಲ್ಪ ಕೆದಕಿ, ಗಡ್ಡೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಿದ್ದರೆ ಚಿಂತೆಯಿಲ್ಲ. ಎಲೆ ಪೂರ್ತಿ ಒಣಗುವ ತನಕ ಕತ್ತರಿಸಬೇಡಿ. ಆಮೇಲೆ ಕುಂಡವನ್ನು ಮಳೆ ತಾಗದ ಒಣ ಜಾಗದಲ್ಲಿ 2-3 ತಿಂಗಳು ಸುಮ್ನೆ ಬಿಟ್ಟುಬಿಡಿ. ಎಬ್ಬಿಸುವಾಗ ನೀರು ಸಲೀಸಾಗಿ ಬಸಿಯುವ ಹೊಸ ಮಣ್ಣಿಗೆ ಹಾಕಿ. ಮೊಳಕೆಯ ಕಣ್ಣು ಮೇಲಕ್ಕಿರಲಿ, ಮೇಲೆ 5 ರಿಂದ 10 ಸೆಂ.ಮೀ. ಮಣ್ಣು ಸಾಕು. ಚಿಗುರು ಕಾಣುವವರೆಗೆ ಕೈ ಬಿಗಿಹಿಡಿದೇ ನೀರು ಹಾಕಿ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಕ್ಕರೆ ಚೆನ್ನ. ಸಾರಜನಕದ ಗೊಬ್ಬರ ಸುರಿದರೆ ಬರೀ ಸೊಪ್ಪು ಬೆಳೆಯುತ್ತದೆ, ಹೂವಿಲ್ಲ.

ಒಂದು ಮಾತು, ಗಡ್ಡೆ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ. ಹೆಸರಿಗಷ್ಟೇ ಲಿಲ್ಲಿ, ಕುಲ ಕೆಸುವಿನದು. ರಸ ತಾಗಿದರೆ ಕೆಲವರಿಗೆ ತುರಿಕೆ. ಮಕ್ಕಳು, ಬೆಕ್ಕು, ನಾಯಿ ಬಾಯಿಗೆ ಹಾಕಿದರಂತೂ ಬಾಯಿ ಉರಿದು ಊದಿಕೊಳ್ಳುತ್ತದೆ.

ನಿಮ್ಮದು ದೊಡ್ಡ ಬಿಳಿ ಹೂವಿನ ಜಾತಿಯಾದರೆ ಮೇಲೆ ಹೇಳಿದ ಹಾಗೆ ಒಣಗಿಸಿ ಮಲಗಿಸಬೇಡಿ. ಅದು ಕೊಳದಂಚಿನ ಕೆಸರಲ್ಲೂ ಬೆಳೆಯುವ ಗಿಡ, ನೀರು ಸಿಕ್ಕರೆ ಮತ್ತು ಚಳಿ ವಿಪರೀತವಾಗದಿದ್ದರೆ ಮಲಗುವುದೇ ಇಲ್ಲ. ಅದರಲ್ಲಿ ಬುಡದ ಹಳೇ ಎಲೆ ಹಳದಿಯಾಗುವುದು ಮಾಮೂಲು. ಕಿತ್ತುಹಾಕಿ, ಮಣ್ಣು ತೇವವಾಗಿಡಿ. ಬೆಳಿಗ್ಗೆ ಎಲೆ ತುದಿಯಲ್ಲಿ ನೀರಿನ ಹನಿ ತೂಗುತ್ತಿದ್ದರೂ ಗಾಬರಿಯಾಗಬೇಡಿ, ಜಾಸ್ತಿಯಾದ ನೀರನ್ನು ಗಿಡವೇ ಹೊರಗೆ ಹಾಕುತ್ತಿರುತ್ತದೆ.