ವಿಂಡೋಸ್ 11 ಅಪ್‌ಗ್ರೇಡ್ ಅರ್ಧಕ್ಕೇ ನಿಂತರೆ
ಗ್ರಾಹಕರ ವಿಂಡೋಸ್ 10 ಯಂತ್ರವನ್ನು 11ಕ್ಕೆ ಏರಿಸುವಾಗ ‘ಸಿಸ್ಟಮ್ ರಿಸರ್ವ್ಡ್ ಪಾರ್ಟಿಷನ್ ಅಪ್‌ಡೇಟ್ ಮಾಡಲಾಗಲಿಲ್ಲ’ ಎಂಬ ದೋಷ ಬಂದರೆ ಸಿ ಡ್ರೈವ್ ಖಾಲಿ ಮಾಡಿ ಪ್ರಯೋಜನವಿಲ್ಲ. ತುಂಬಿರುವುದು ಇಎಫ್‌ಐ ಪಾರ್ಟಿಷನ್, ಅಂದರೆ ವಿಂಡೋಸ್ ಶುರುವಾಗಲು ಬೇಕಾದ ಫೈಲ್‌ಗಳಿರುವ ಡಿಸ್ಕ್‌ನ ಪುಟ್ಟ ಅಡಗಿದ ಭಾಗ. ಅದು ಸಾಮಾನ್ಯವಾಗಿ 100 ಎಂಬಿ ಇರುತ್ತದೆ. ಸುಮಾರು 15 ಎಂಬಿ ಬಿಡುವಾದರೂ ಬೇಕು.

ಮೊದಲು ಡೇಟಾ ಬ್ಯಾಕಪ್, ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ರಿಕವರಿ ಕೀ ಎರಡೂ ಕೈಯಲ್ಲಿರಲಿ. ಬೇರೆಯವರ ಯಂತ್ರ, ಇದರಲ್ಲಿ ರಾಜಿ ಬೇಡ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘mountvol Y: /S’ ಕೊಡಿ (ಜಿಪಿಟಿ ಎಂಬ ಹೊಸ ಬಗೆಯ ವಿಭಜನೆಯಿರುವ ಡಿಸ್ಕ್‌ಗೆ ಮಾತ್ರ). ಇದರಿಂದ ಇಎಫ್‌ಐ ಪಾರ್ಟಿಷನ್ ವೈ ಡ್ರೈವ್ ಆಗಿ ಸಿಗುತ್ತದೆ. ವೈ ಡ್ರೈವ್‌ನಲ್ಲಿ ಇಎಫ್‌ಐ, ಅದರೊಳಗೆ ಮೈಕ್ರೋಸಾಫ್ಟ್, ಬೂಟ್, ಫಾಂಟ್ಸ್ ಹೀಗೆ ಇಳಿದು, ಫಾಂಟ್ಸ್ ಒಳಗಿನ ಫೈಲ್‌ಗಳನ್ನಷ್ಟೇ ಅಳಿಸಿ. ಬೂಟ್ ಫೋಲ್ಡರಿನ ಬಿಸಿಡಿ (ಬೂಟ್ ಸೆಟ್ಟಿಂಗ್‌ಗಳ) ಫೈಲ್ ಹೋದರೆ ವಿಂಡೋಸ್ ಏಳುವುದೇ ಇಲ್ಲ. ಆಮೇಲೆ ‘mountvol Y: /D’ ಕೊಟ್ಟು ಆ ಡ್ರೈವ್ ಅಕ್ಷರ ತೆಗೆದು, ರೀಸ್ಟಾರ್ಟ್ ಮಾಡಿ, ಅಪ್‌ಗ್ರೇಡ್ ಮತ್ತೆ ಶುರುಮಾಡಿ.