ಚುನಾವಣೆಯಲ್ಲಿ ಅಭ್ಯರ್ಥಿ ಬಗ್ಗೆ ಸುಳ್ಳು ಹಬ್ಬಿಸಿದರೆ ಶಿಕ್ಷೆ ಇದೆಯಾ?

ಇದೆ. ಮತದಾನದ ಹಿಂದಿನ ರಾತ್ರಿ ಮಲ್ಪೆಯ ಮನೆಮನೆಗೆ "ಇವರು ಕಣದಿಂದ ಹಿಂದೆ ಸರಿದಿದ್ದಾರೆ" ಎಂಬ ಕರಪತ್ರ ಬಂತು ಅಂದುಕೊಳ್ಳಿ. ಸುಳ್ಳು ಅಂತ ಗೊತ್ತಿದ್ದೇ ಎದುರಾಳಿ ಅಭ್ಯರ್ಥಿ ಅಥವಾ ಅವರ ಏಜೆಂಟ್ ಹಂಚಿಸಿದ್ದರೆ, 1951ರ ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 123(4)ರಡಿ ಅದು ಭ್ರಷ್ಟ ಆಚರಣೆ. ವೈಯಕ್ತಿಕ ನಡತೆ ಬಗ್ಗೆ ಸುಳ್ಳು ಹೇಳಿದರೂ ಅಷ್ಟೇ. "ಐದು ವರ್ಷ ಏನೂ ಕೆಲಸ ಮಾಡಿಲ್ಲ" ಅಂತ ಬೈಯುವುದು ಬೇರೆ, ಅದು ರಾಜಕೀಯ ಟೀಕೆ.

ಗೆದ್ದವರೇ ಮಾಡಿಸಿದ್ದು ಅಂತ ಸಾಬೀತಾದರೆ ಆಯ್ಕೆಯೇ ರದ್ದು. ಅದಕ್ಕೆ ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ಅರ್ಜಿ ಹಾಕಬೇಕು. ತಲೆನೋವು ಇರುವುದು ಪುರಾವೆಯಲ್ಲಿ. ಕ್ರಿಮಿನಲ್ ಕೇಸಿನಷ್ಟೇ ಗಟ್ಟಿ ಸಾಕ್ಷಿ ಕೇಳುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಮೊದಲು ಹಾಕಿದ್ದು ಯಾರು ಅಂತ ಹುಡುಕುವುದು ಸುಲಭವಾ ಹೇಳಿ!

ಅಭ್ಯರ್ಥಿಯಲ್ಲದವರು ಯಾರದೋ ವೈಯಕ್ತಿಕ ನಡತೆ ಬಗ್ಗೆ ಇಂಥ ಸುಳ್ಳು ಹಬ್ಬಿಸಿದರೂ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 175 ಇದೆ. ಆದರೆ ಬರೀ ದಂಡ, ಜೈಲಿಲ್ಲ. ನನಗೆ ಇದು ತೀರಾ ಸಡಿಲ ಅನಿಸುತ್ತದೆ. ಮಾನನಷ್ಟ ಕೇಸು ಬೇರೆ ಹಾಕಬಹುದು, ಅದರಲ್ಲಿ ಎರಡು ವರ್ಷದವರೆಗೆ ಜೈಲು ಉಂಟು.

ಕರಪತ್ರ ಕೈಗೆ ಸಿಕ್ಕರೆ ಮೊದಲು ಕೆಳಗಿನ ಸಣ್ಣ ಅಕ್ಷರ ನೋಡಿ. ಮುದ್ರಕರು, ಪ್ರಕಾಶಕರ ಹೆಸರು ವಿಳಾಸ ಇಲ್ಲದಿದ್ದರೆ ಅದೇ ಅಪರಾಧ (ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 127ಎ), ಆರು ತಿಂಗಳವರೆಗೆ ಜೈಲು. ಚುನಾವಣಾ ಆಯೋಗಕ್ಕೆ ದೂರು ಕೊಡುವ ಸಿ-ವಿಜಿಲ್‌ನಲ್ಲೇ ಫೋಟೊ ತೆಗೆದು ಕಳಿಸಿ.