ವೈರಲ್ ಲೋಡ್ ದುಪ್ಪಟ್ಟಾದರೆ ಕಾಯಿಲೆ ಜಾಸ್ತಿಯಾಯ್ತು ಅಂತಲಾ?

ಪ್ರಶ್ನೆ: ನನಗೆ 38 ವರ್ಷ. ಹೆಪಟೈಟಿಸ್ ಬಿ ಇದೆ, ಮಾತ್ರೆ ಶುರು ಮಾಡಿಲ್ಲ. ಹೋದ ವರ್ಷ ವೈರಲ್ ಲೋಡ್ 600 ಇತ್ತು, ಈಗ 1,150 ಬಂದಿದೆ. ಲಿವರ್ ಟೆಸ್ಟ್ ನಾರ್ಮಲ್. ಡಾಕ್ಟರು ಆರು ತಿಂಗಳು ಬಿಟ್ಟು ಬನ್ನಿ ಅಂತಾರೆ. ದುಪ್ಪಟ್ಟಾಗಿದೆಯಲ್ಲ ಅಂತ ನನಗೆ ನಿದ್ದೆ ಬರುತ್ತಿಲ್ಲ.
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಡಾಕ್ಟರು ಹೇಳಿದ್ದು ಸರಿಯಾಗಿದೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ವೈರಲ್ ಲೋಡ್ ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎನ್ನುವ ಲೆಕ್ಕ. ಈ ಪರೀಕ್ಷೆ ಮಾಡುವುದು ಪಿಸಿಆರ್ ಯಂತ್ರದಲ್ಲಿ. ನಿಮ್ಮ ರಕ್ತದಲ್ಲಿರುವ ವೈರಸ್ಸಿನ ಡಿಎನ್‌ಎಯನ್ನು ಅದು ಸುತ್ತು ಸುತ್ತಾಗಿ ನಕಲು ಮಾಡುತ್ತಾ ಹೋಗುತ್ತದೆ. ಒಂದೊಂದು ಸುತ್ತಿಗೂ ನಕಲುಗಳು ಎರಡು ಪಟ್ಟಾಗುತ್ತವೆ. ಎಷ್ಟನೇ ಸುತ್ತಿಗೆ ಯಂತ್ರದ ಕಣ್ಣಿಗೆ ಬಿತ್ತು ಎನ್ನುವುದರ ಮೇಲೆ ಮೊದಲು ಎಷ್ಟಿತ್ತು ಅಂತ ಲೆಕ್ಕ ಹಾಕುತ್ತಾರೆ. ಅಂದರೆ 600ಕ್ಕೂ 1,150ಕ್ಕೂ ಇರುವ ಅಂತರ ಒಂದು ಸುತ್ತೂ ಪೂರ್ತಿ ಇಲ್ಲ! ಒಂದೇ ರಕ್ತವನ್ನು ಎರಡು ಸಲ ಹಾಕಿದರೂ ಇಷ್ಟು ಹೆಚ್ಚುಕಮ್ಮಿ ಬರಬಹುದು. ಅದಕ್ಕೇ ಮೂರು ಪಟ್ಟಿಗಿಂತ ಕಡಿಮೆ ಏರಿಳಿತವನ್ನು ನಾವು ಬದಲಾವಣೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 600 ಇದ್ದದ್ದು 6,000 ಆದರೆ ಮಾತು ಬೇರೆ.

ಇನ್ನೊಂದು ವಿಷಯ, ಎರಡೂ ರಿಪೋರ್ಟಿನಲ್ಲಿ ಸಂಖ್ಯೆಯ ಪಕ್ಕ ಏನು ಬರೆದಿದೆ ನೋಡಿ. ಕೆಲವು ಲ್ಯಾಬ್‌ಗಳು ಐಯು (ಅಂತರರಾಷ್ಟ್ರೀಯ ಅಳತೆ) ಎಂದು ಕೊಡುತ್ತವೆ, ಕೆಲವು ಕಾಪೀಸ್ (ವೈರಸ್ಸಿನ ಪ್ರತಿಗಳು) ಎಂದು. ಒಂದು ಐಯು ಅಂದರೆ ಸುಮಾರು ಐದು ಕಾಪಿ. ಇದನ್ನು ಗಮನಿಸದೆ ಎರಡು ರಿಪೋರ್ಟ್ ಹೋಲಿಸಿ ಸುಮ್ನೆ ಗಾಬರಿಯಾಗುವವರು ತುಂಬಾ ಜನ. ಆದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸಿ. ತಿಂಗಳು ತಿಂಗಳು ಮಾತ್ರ ಮಾಡಿಸಬೇಡಿ, ದುಡ್ಡು ದಂಡ.

ಮಾತ್ರೆ ಬೇಕೋ ಬೇಡವೋ ಅಂತ ಈ ಒಂದೇ ಸಂಖ್ಯೆ ನೋಡಿ ತೀರ್ಮಾನ ಮಾಡುವುದಿಲ್ಲ. ಲೋಡ್ 2,000 ಐಯು ದಾಟಿ, ಜೊತೆಗೆ ಎಎಲ್‌ಟಿಯೂ (ಲಿವರ್ ಟೆಸ್ಟಿನಲ್ಲಿ ಅಳೆಯುವ ಒಂದು ಕಿಣ್ವ) ಏರಿದ್ದರೆ ಚಿಕಿತ್ಸೆ ಬೇಕು. ಲಿವರ್ ಗಟ್ಟಿಯಾಗುತ್ತಿದ್ದರೆ ಲೋಡ್ ಕಡಿಮೆ ಇದ್ದರೂ ಬೇಕು. ಮನೆಯಲ್ಲಿ ಯಾರಿಗಾದರೂ ಲಿವರ್ ಕ್ಯಾನ್ಸರ್ ಅಥವಾ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವುದು) ಆಗಿತ್ತಾ? ನಿಮಗೆ ಶುಗರ್ ಇದೆಯಾ? ಇದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಸಲಹೆ ಪ್ರಕಾರ ಅಂಥವರಿಗೆ ಲೋಡ್ ಎಷ್ಟೇ ಇರಲಿ, ಮಾತ್ರೆ ಶುರು ಮಾಡಬಹುದು. ನಿಮ್ಮ ಪತ್ರದಲ್ಲಿ ಈ ವಿಷಯ ಇಲ್ಲ, ನನಗೆ ಅದೇ ಮುಖ್ಯ ಅನಿಸುತ್ತದೆ. ಹೆಂಡತಿ ಮಕ್ಕಳಿಗೂ ಪರೀಕ್ಷೆ ಮಾಡಿಸಿ, ಸೋಂಕು ಇಲ್ಲದವರಿಗೆ ಲಸಿಕೆ ಹಾಕಿಸಿ.

ಪ್ರಶ್ನೆ: ನಮ್ಮ ಯಜಮಾನರು ರಕ್ತದಾನ ಮಾಡಿದಾಗ ಹೆಪಟೈಟಿಸ್ ಸಿ ಪಾಸಿಟಿವ್ ಎಂದರು. ಆಮೇಲೆ ಮಾಡಿಸಿದ ಆರ್‌ಎನ್‌ಎ ಟೆಸ್ಟಿನಲ್ಲಿ ‘ನಾಟ್ ಡಿಟೆಕ್ಟೆಡ್’ ಬಂದಿದೆ. ಯಾವುದನ್ನು ನಂಬುವುದು?
– ಓದುಗರು, ಗದಗ

ಉತ್ತರ: ಎರಡೂ ನಿಜ ಇರಬಹುದಮ್ಮ. ಮೊದಲನೆಯದು ಆಂಟಿಬಾಡಿ ಟೆಸ್ಟ್, ಅಂದರೆ ವೈರಸ್ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು ಹುಡುಕುವ ಪರೀಕ್ಷೆ. ಯಾವಾಗಲೋ ವೈರಸ್ ಮೈಗೆ ಹೊಕ್ಕಿತ್ತು ಎಂದಷ್ಟೇ ಅದು ಹೇಳುತ್ತದೆ. ಕೆಲವು ಸಲ ತಪ್ಪಾಗಿ ಪಾಸಿಟಿವ್ ತೋರಿಸುವುದೂ ಉಂಟು. ಆರ್‌ಎನ್‌ಎ ಟೆಸ್ಟ್ ಹುಡುಕುವುದು ಈಗ ರಕ್ತದಲ್ಲಿರುವ ವೈರಸ್ಸನ್ನೇ. ಸೋಂಕು ತಗುಲಿದ 100 ಜನರಲ್ಲಿ 15ರಿಂದ 45 ಜನರ ಮೈ ಯಾವ ಔಷಧಿಯೂ ಇಲ್ಲದೆ ಆರು ತಿಂಗಳೊಳಗೆ ವೈರಸ್ಸನ್ನು ಹೊರಹಾಕಿಬಿಡುತ್ತದೆ. ಅಂಥವರಿಗೆ ಚಿಕಿತ್ಸೆ ಬೇಕಿಲ್ಲ. ಇತ್ತೀಚೆಗೆ ಡಯಾಲಿಸಿಸ್ ಅಥವಾ ಶುಚಿಯಿಲ್ಲದ ಸೂಜಿಯ ಸಂಪರ್ಕ ಆಗಿದ್ದರೆ ಮಾತ್ರ ಕೆಲವು ತಿಂಗಳು ಬಿಟ್ಟು ಆರ್‌ಎನ್‌ಎ ಟೆಸ್ಟ್ ಇನ್ನೊಮ್ಮೆ ಮಾಡಿಸಿ.

ಒಂದು ವೇಳೆ ಆಗ ವೈರಸ್ ಸಿಕ್ಕರೂ ಧೈರ್ಯ ಕಳೆದುಕೊಳ್ಳಬೇಡಿ. ಸಾಮಾನ್ಯವಾಗಿ 12 ವಾರ ಮಾತ್ರೆ ನುಂಗಿದರೆ ನೂರಕ್ಕೆ 95ಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಆಂಟಿಬಾಡಿ ಟೆಸ್ಟನ್ನು ಪದೇ ಪದೇ ಮಾಡಿಸಬೇಡಿ. ವೈರಸ್ ಹೋದ ಮೇಲೂ ಅದು ವರ್ಷಗಟ್ಟಲೆ ಪಾಸಿಟಿವ್ ಬರುತ್ತಿರುತ್ತದೆ. ಅವರು ಇನ್ನು ರಕ್ತದಾನ ಮಾಡುವ ಹಾಗಿಲ್ಲ. ಮುಂದೆ ಏನಾದರೂ ಆಪರೇಷನ್ ಇದ್ದರೆ ಆಸ್ಪತ್ರೆಯಲ್ಲಿ ಮತ್ತೆ ಅದೇ ಪಾಸಿಟಿವ್ ಕಂಡು ಪ್ರಶ್ನೆ ಏಳುತ್ತದೆ. ಆಗ ತೋರಿಸಲು ಆರ್‌ಎನ್‌ಎ ರಿಪೋರ್ಟಿನ ಜೆರಾಕ್ಸ್ ಫೈಲಿನಲ್ಲಿ ಇಟ್ಟಿರಿ.